ಕಡಲೂ ಒಂದು ಅಮಾನತ್ತು

ಒಮ್ಮೆ ಒಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದು ತಮ್ಮ ಸಂದೇಹವೊಂದನ್ನು ಮುಂದಿಟ್ಟರು. ಅವರು ಕಡಲ ಪ್ರಯಾಣ ಮಾಡುವವರು. ಜೊತೆಯಲ್ಲಿ ಒಯ್ಯುವ ಸಿಹಿನೀರು ಸ್ವಲ್ಪವೇ. ಅದರಲ್ಲಿ ವುಝೂ ಮಾಡಿದರೆ ಕುಡಿಯಲು ನೀರಿಲ್ಲದೆ ಬಾಯಾರಬೇಕಾಗುತ್ತದೆ. ಹಾಗಿರುವಾಗ ಸಮುದ್ರದ ನೀರಿನಿಂದ ವುಝೂ ಮಾಡಬಹುದೇ ಎಂಬುದು ಅವರ ಪ್ರಶ್ನೆ. ಸಮುದ್ರದ ನೀರು ಶುದ್ಧೀಕರಿಸುವಂಥದ್ದು, ಅದರಲ್ಲಿ ಸತ್ತ ಜೀವಿಯೂ ಧರ್ಮಸಮ್ಮತವೇ ಎಂಬರ್ಥದ ಉತ್ತರ ಅವರಿಗೆ ದೊರೆಯಿತು. ಕೇಳಿದ್ದು ನೀರಿನ ಬಗ್ಗೆ ಮಾತ್ರ. ಸಿಕ್ಕಿದ್ದು ನೀರು, ಆಹಾರ ಎರಡರ ಬಗ್ಗೆಯೂ. ಅಬೂ ಹುರೈರಾ(ರ) ವರದಿ ಮಾಡಿದ ಈ ಹದೀಸ್ ಅಬೂದಾವೂದ್, ತಿರ್ಮಿದಿ ಮುಂತಾದ ಗ್ರಂಥಗಳಲ್ಲಿದೆ.

ಮದ್ರಸಾದಲ್ಲಿ ಕಲಿತ ಪ್ರತಿಯೊಬ್ಬರೂ ಶುದ್ಧಿಯ ಪಾಠದ ಆರಂಭದಲ್ಲೇ ಇದನ್ನು ಓದಿರುತ್ತಾರೆ. ಆದರೆ ಪ್ರಿಯ ಓದುಗರೇ, ಈ ಮಾತಿನಿಂದ ನಾವು ತಲುಪಿರುವ ತೀರ್ಮಾನ ಏನು? ಸಮುದ್ರ ಎಷ್ಟು ಹಾಕಿದರೂ ಕೆಡದು, ಹೊಳೆ ಹರಿದು ಹೋಗುವಂಥದ್ದು, ಅಲ್ಲಿಗೆ ಎಸೆದದ್ದು ಕಣ್ಣಿನಿಂದ ದೂರವಾಯಿತು, ಲೆಕ್ಕವೂ ಮುಗಿಯಿತು ಎಂದು. ಅಲ್ಲಾಹನು ನಮಗೆ ಆಹಾರದ ಬಾಗಿಲಾಗಿ ತೆರೆದುಕೊಟ್ಟದ್ದನ್ನು ನಾವು ಕಸದ ಬಾಗಿಲಾಗಿ ಮಾಡಿಕೊಂಡಿದ್ದೇವೆ.

ಸೂರಃ ಅನ್ನಹ್ಲ್‌ನಲ್ಲಿ ಅಲ್ಲಾಹನು ತಾನು ಸಮುದ್ರವನ್ನು ಮಾನವನಿಗೆ ಅಧೀನಗೊಳಿಸಿದ್ದನ್ನು ನೆನಪಿಸುತ್ತಾನೆ. ಅದರಿಂದ ತಾಜಾ ಮಾಂಸ, ಧರಿಸುವ ಆಭರಣ, ಅಲೆ ಸೀಳಿ ಸಾಗುವ ಹಡಗು, ಹೀಗೆ ಒಂದೊಂದನ್ನೂ ಎಣಿಸಿ ಹೇಳುತ್ತಾನೆ. ಕೊನೆಗೆ ಬರುವುದು ಕೃತಜ್ಞತೆಯ ಪ್ರಸ್ತಾಪ. ಸೂರಃ ಅರ‍್ರೂಮ್‌ನಲ್ಲಾದರೋ, ಮಾನವರ ಕೈಗಳ ಗಳಿಕೆಯಿಂದಾಗಿ ನೆಲದಲ್ಲೂ ಜಲದಲ್ಲೂ ಕ್ಷೋಭೆ ಕಾಣಿಸಿಕೊಂಡಿದೆ ಎಂಬ ಎಚ್ಚರಿಕೆಯಿದೆ. ಅಲ್ಲಿರುವ 'ಬಹ್ರ್' ಎಂಬ ಪದದ ಬಗ್ಗೆ ಹಿಂದಿನ ವ್ಯಾಖ್ಯಾನಕಾರರಲ್ಲಿ ಒಂದು ಸ್ವಾರಸ್ಯಕರ ಚರ್ಚೆಯಿದೆ. ಅದು ನೇರವಾಗಿ ಸಮುದ್ರವೇ ಎಂದವರು ಕೆಲವರು. ಅದರ ಅರ್ಥ ನೀರಿನ ದಂಡೆಯ ಊರುಗಳು ಎಂದವರು ಇಕ್ರಿಮಾರಂಥವರು. ಇಂದು ಉಳ್ಳಾಲದಲ್ಲೋ ಮಲ್ಪೆಯಲ್ಲೋ ಭಟ್ಕಳದಲ್ಲೋ ನಿಂತು ನೋಡುವವನಿಗೆ ಈ ಎರಡು ಅರ್ಥಗಳ ನಡುವೆ ಅಂತರವೇ ಕಾಣಿಸದು. ದಂಡೆಯ ಊರು ಕೆಟ್ಟರೆ ಕಡಲು ಕೆಡುತ್ತದೆ.

ಪ್ಲಾಸ್ಟಿಕ್ ನಜಸೇ?

ಶುದ್ಧಿಯ ಪಾಠ ಮಾಡುತ್ತಿದ್ದಾಗ ಐದನೇ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ: "ಉಸ್ತಾದ್, ಪ್ಲಾಸ್ಟಿಕ್ ನಜಸಾ?" ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ.

ಪ್ಲಾಸ್ಟಿಕ್ ನಜಸಲ್ಲ. ಅದನ್ನು ಮುಟ್ಟಿದರೆ ಕೈ ತೊಳೆಯಬೇಕಾಗಿಲ್ಲ, ಜೇಬಿನಲ್ಲಿಟ್ಟು ನಮಾಝ್ ಮಾಡಿದರೆ ನಮಾಝ್ ಕೆಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಕರ್ಮಶಾಸ್ತ್ರದಂತೆ ನೀರು ಎರಡು ಕುಲ್ಲತ್, ಅಂದರೆ ಸುಮಾರು ಇನ್ನೂರು ಲೀಟರಿನ ಆಸುಪಾಸು ಇದ್ದರೆ, ಅದಕ್ಕೆ ನಜಸ್ ಬಿದ್ದ ಮಾತ್ರಕ್ಕೆ ಅದು ನಜಸಾಗುವುದಿಲ್ಲ. ಬಣ್ಣ, ರುಚಿ, ವಾಸನೆಗಳಲ್ಲಿ ಒಂದಾದರೂ ಆ ನಜಸಿನಿಂದ ಬದಲಾಗಬೇಕು. ಹಾಗೆ ಬದಲಾದರೆ ಮಾತ್ರ ನೀರು ಎಷ್ಟೇ ಇರಲಿ, ಅದು ನಜಸೇ. ಇದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಇವಿಷ್ಟೂ ಸರಿ. ಆದರೆ ಈ ನಿಯಮಗಳೆಲ್ಲ ಉತ್ತರಿಸುವುದು ಒಂದೇ ಒಂದು ಪ್ರಶ್ನೆಗೆ: ಈ ನೀರಿನಿಂದ ವುಝೂ ಸಿಂಧುವಾಗುತ್ತದೆಯೇ? ಆ ನೀರಿಗೆ ಏನು ಎಸೆಯಬಹುದು ಎಂಬುದು ಬೇರೆಯೇ ಪ್ರಶ್ನೆ. ಅದರ ಉತ್ತರವನ್ನು ಹುಡುಕಬೇಕಾದದ್ದು ಇನ್ನೊಬ್ಬರಿಗೆ ಹಾನಿ ಮಾಡುವುದನ್ನು ನಿಷೇಧಿಸಿದ ಅಧ್ಯಾಯದಲ್ಲಿ. ಗಾಜಿನ ಚೂರೂ ಶುದ್ಧವೇ, ಮುಳ್ಳೂ ಶುದ್ಧವೇ. ಹಾಗೆಂದು ಅವನ್ನು ದಾರಿಯಲ್ಲಿ ಚೆಲ್ಲಲು ಯಾರಿಗಾದರೂ ಅನುಮತಿಯಿದೆಯೇ? ದಾರಿಯಿಂದ ಉಪದ್ರವಕಾರಿ ವಸ್ತುವನ್ನು ಸರಿಸುವುದು ಈಮಾನಿನ ಎಪ್ಪತ್ತಕ್ಕೂ ಮಿಕ್ಕ ಶಾಖೆಗಳಲ್ಲೊಂದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದನ್ನು ದಾರಿಗೆ ತಂದು ಹಾಕುವುದು ಯಾವುದರ ಶಾಖೆಯಾದೀತು?

ಇನ್ನೊಂದು ಹದೀಸನ್ನು ನೋಡಿರಿ. ಶಾಪಕ್ಕೆ ಕಾರಣವಾಗುವ ಮೂರು ಕೃತ್ಯಗಳಿಂದ ದೂರವಿರಬೇಕೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು: ಜನರು ನೀರಿಗಾಗಿ ಬರುವ ಸ್ಥಳದಲ್ಲಿ, ನಡೆದಾಡುವ ದಾರಿಯಲ್ಲಿ, ವಿಶ್ರಮಿಸುವ ನೆರಳಿನಲ್ಲಿ ಮಲವಿಸರ್ಜನೆ ಮಾಡುವುದು. ಈ ಮೂರನ್ನೇ ಏಕೆ ಆರಿಸಲಾಯಿತು? ಮೂರೂ ಎಲ್ಲರಿಗೂ ಬೇಕಾದವು, ಯಾರೊಬ್ಬರ ಸ್ವತ್ತೂ ಅಲ್ಲ. ತನ್ನ ಸ್ವತ್ತನ್ನು ಮನುಷ್ಯ ತಾನೇ ಕಾಯುತ್ತಾನೆ. ಎಲ್ಲರದ್ದನ್ನು ಕಾಯಲು ದೇವಭಯವೇ ಬೇಕು. ನಮ್ಮ ಊರಿನ ದಕ್ಕೆ, ಹೊಳೆಯ ಕಡವು, ಅಳಿವೆ ಬಾಗಿಲು, ಬಲೆ ಒಣಗಿಸುವ ಮರಳು ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಬೆಂಗ್ರೆಯ ಮೀನುಗಾರನಿಗೆ ಆ ಮರಳೇ ದಾರಿ, ಅದೇ ಅಂಗಳ, ಅದೇ ಮಾರುಕಟ್ಟೆ.

ಕರ್ಮಶಾಸ್ತ್ರದಲ್ಲಿ 'ಹರೀಮ್' ಎಂಬ ಒಂದು ಪರಿಕಲ್ಪನೆಯೂ ಇದೆ. ಬಾವಿ, ಚಿಲುಮೆ, ನದಿಗಳ ಸುತ್ತ ಒಂದಷ್ಟು ಜಾಗವನ್ನು ಯಾರೂ ಆಕ್ರಮಿಸದಂತೆ, ಅಲ್ಲಿ ನೀರಿಗೆ ಕೇಡಾಗುವ ಕೆಲಸ ಮಾಡದಂತೆ ಕಾದಿರಿಸುವ ಕ್ರಮ ಅದು. ಬಾವಿಗೆ ನಲ್ವತ್ತು ಮೊಳದ ಹರೀಮ್‌ನ ಪ್ರಸ್ತಾಪ ಇಬ್ನುಮಾಜಃದಲ್ಲಿ ಸಿಗುತ್ತದೆ. ನಮ್ಮ ಸರಕಾರ 1991ರಲ್ಲಿ ಮೊದಲ ಬಾರಿಗೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿ, ಉಬ್ಬರದ ಗೆರೆಯಿಂದ 500 ಮೀಟರಿನವರೆಗಿನ ಭೂಮಿಯ ಮೇಲೆ ನಿರ್ಬಂಧ ವಿಧಿಸಿತು. 2011ರಲ್ಲೂ 2019ರಲ್ಲೂ ಅದು ಹೊಸ ರೂಪ ಪಡೆಯಿತು. ಇದು ಆಧುನಿಕ ಜಗತ್ತಿನ ಹೊಸ ಕಟ್ಟಳೆ ಎಂದು ಗೊಣಗುವ ನಮ್ಮವರಿಗೆ ಹರೀಮ್‌ನ ಅಧ್ಯಾಯವನ್ನು ಇನ್ನೊಮ್ಮೆ ತೆರೆದು ನೋಡಲು ಹೇಳಬೇಕೆನಿಸುತ್ತದೆ.

ಎಸೆದದ್ದು ಎಲ್ಲಿಗೆ ಹೋಗುತ್ತದೆ?

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರು. ನೇತ್ರಾವತಿ, ಫಲ್ಗುಣಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಹೀಗೆ ಘಟ್ಟದಿಂದ ಇಳಿದು ಬರುವ ಹೊಳೆಗಳೆಲ್ಲ ಇಷ್ಟರೊಳಗೇ ಕಡಲು ಸೇರುತ್ತವೆ. ಆದ್ದರಿಂದ ಈ ಲೇಖನ ಸಮುದ್ರದ ಬದಿಯವರಿಗೆ ಮಾತ್ರ ಎಂದು ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯ ಓದುಗರು ಪುಟ ತಿರುವಬಾರದು. ತೋಡಿಗೆ ಎಸೆದ ಚೀಲ ಮೊದಲ ಮಳೆಗೆ ಹೊಳೆಗಿಳಿಯುತ್ತದೆ, ಆಟಿಯ ನೆರೆಗೆ ಅಳಿವೆ ತಲುಪುತ್ತದೆ. ಕಡಲು ಅದನ್ನು ಇಟ್ಟುಕೊಳ್ಳುವುದೂ ಇಲ್ಲ. ಅರ್ಧವನ್ನು ದಡಕ್ಕೆ ಉಗುಳುತ್ತದೆ, ಉಳಿದದ್ದು ಬಲೆಗೆ ಸಿಗುತ್ತದೆ.

ಪ್ಲಾಸ್ಟಿಕ್ಕಿನ ಸ್ವಭಾವವೇ ವಿಚಿತ್ರ. ಬಾಳೆಲೆಯಂತೆ ಅದು ಕೊಳೆಯದು. ಬಿಸಿಲು, ಉಪ್ಪು, ಅಲೆಗಳ ಹೊಡೆತಕ್ಕೆ ಒಡೆದು ಚೂರಾಗುತ್ತದೆ, ಚೂರು ಪುಡಿಯಾಗುತ್ತದೆ, ಪುಡಿ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಐದು ಮಿಲಿಮೀಟರಿಗಿಂತ ಕಿರಿದಾದ ಈ ಪುಡಿಯನ್ನು ವಿಜ್ಞಾನಿಗಳು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಪಚ್ಚಿಲೆ, ಮರುವಾಯಿಗಳು ಆಹಾರಕ್ಕಾಗಿ ದಿನವಿಡೀ ನೀರನ್ನು ಸೋಸುವ ಜೀವಿಗಳು. ನೀರಿನಲ್ಲಿರುವುದು ಅವುಗಳ ಒಡಲಿಗೂ ಹೋಗುತ್ತದೆ. ಬಂಗುಡೆಯನ್ನಾದರೆ ಕರುಳು ತೆಗೆದು ಸಾರು ಮಾಡುತ್ತೇವೆ. ಮರುವಾಯಿಯನ್ನು ಹಾಗೆ ಮಾಡಲಾಗದು, ಒಳಗಿನದ್ದೆಲ್ಲ ಒಟ್ಟಿಗೇ ಊಟದ ಬಟ್ಟಲಿಗೆ ಬರುತ್ತದೆ. ಇಳಿತದ ಹೊತ್ತಿಗೆ ಅಳಿವೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಅದನ್ನು ಆಯ್ದು ತರುವವರು ಯಾರು? ಬಡವರ ಮನೆಯವರು. ಸೇತುವೆಯ ಮೇಲೆ ಕಾರು ನಿಲ್ಲಿಸಿ ಚೀಲ ಎಸೆಯುವವರು ಅವರಲ್ಲ.

ಅಂಬರ್ ಮೀನಿನ ಕಥೆ ನಿಮಗೆ ತಿಳಿದಿರಬಹುದು. ಅಬೂ ಉಬೈದಾ(ರ)ರ ನಾಯಕತ್ವದಲ್ಲಿ ಮುನ್ನೂರು ಮಂದಿಯ ದಳವೊಂದು ಕಡಲತೀರದಲ್ಲಿ ಹಸಿವಿನಿಂದ ಮರದ ಎಲೆ ತಿನ್ನುವ ಸ್ಥಿತಿಗೆ ಬಂದಿತ್ತು. ಆಗ ಸಮುದ್ರ ಒಂದು ಬೃಹತ್ ಮೀನನ್ನು ದಡಕ್ಕೆ ಹಾಕಿತು. ಅದರ ಪಕ್ಕೆಲುಬನ್ನು ನಿಲ್ಲಿಸಿದರೆ ಕೆಳಗಿನಿಂದ ಒಂಟೆ ದಾಟಿ ಹೋಗುವಷ್ಟು ದೊಡ್ಡದು. ದಿನಗಟ್ಟಲೆ ಅವರು ಅದನ್ನು ತಿಂದು ಶಕ್ತಿ ಪಡೆದರು. ಮದೀನಾಕ್ಕೆ ಮರಳಿ ವಿಷಯ ತಿಳಿಸಿದಾಗ ಪ್ರವಾದಿವರ್ಯರು(ಸ) ಅದನ್ನು ಅಲ್ಲಾಹನು ಒದಗಿಸಿದ ಅನ್ನವೆಂದರು, ಉಳಿದಿದ್ದರೆ ತಮಗೂ ಕೊಡುವಂತೆ ಕೇಳಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ವರದಿ ಇದು.

ಅಂಬರ್ ಎಂಬ ಸುಗಂಧದ್ರವ್ಯ ದೊರೆಯುವುದು ಒಂದು ಜಾತಿಯ ತಿಮಿಂಗಿಲದಿಂದ. ಅದೇ ಜಾತಿಯ ಒಂದು ತಿಮಿಂಗಿಲ 2018ರ ನವೆಂಬರಿನಲ್ಲಿ ಇಂಡೋನೇಷ್ಯಾದ ವಾಕಾಟೋಬಿ ಎಂಬಲ್ಲಿ ಸತ್ತು ದಡ ಸೇರಿತು. ಹೊಟ್ಟೆ ಸೀಳಿ ನೋಡಿದಾಗ ಸುಮಾರು 6 ಕಿಲೋ ಪ್ಲಾಸ್ಟಿಕ್ ಸಿಕ್ಕಿತು: 115 ಲೋಟಗಳು, 25 ಚೀಲಗಳು, 4 ಬಾಟಲಿಗಳು, 2 ಹವಾಯಿ ಚಪ್ಪಲಿಗಳು, ರಾಶಿ ಹಗ್ಗದ ತುಂಡುಗಳು. ಸಹಾಬಿಗಳಿಗೆ ಕಡಲು ದಡಕ್ಕೆ ತಂದುಕೊಟ್ಟದ್ದು ಅನ್ನ. ನಮಗೆ ತಂದು ತೋರಿಸುತ್ತಿರುವುದು ನಮ್ಮದೇ ಮದುವೆಯ ಲೋಟ.

ದೊಡ್ಡ ಹಡಗುಗಳಿಂದ ಆಗುವ ಹಾನಿಯ ಮುಂದೆ ನಮ್ಮದೇನು ಮಹಾ ಎಂದು ವಾದಿಸುವವರಿದ್ದಾರೆ. ಹಡಗುಗಳ ಹಾನಿ ನಿಜ. 2006ರಲ್ಲಿ ಕಾರವಾರದ ಬಳಿ ಓಷನ್ ಸೆರಾಯಾ ಎಂಬ ಹಡಗು ಬಂಡೆಗೆ ಸಿಕ್ಕಿ ತೈಲ ಚೆಲ್ಲಿತು. 2022ರ ಜೂನಿನಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಮುಳುಗಿದಾಗ ಊರೇ ಆತಂಕದಲ್ಲಿತ್ತು. ಅದರಲ್ಲಿದ್ದ 15 ಮಂದಿ ಸಿರಿಯಾದ ನಾವಿಕರನ್ನು ಕರಾವಳಿ ರಕ್ಷಣಾ ಪಡೆ ಬದುಕಿಸಿತು. 2025ರ ಮೇ 25ರಂದು ಕೊಚ್ಚಿಯ ಆಚೆ ಮುಳುಗಿದ ಎಲ್ಸಾ-3 ಹಡಗಿನಿಂದ ಸಾಬಕ್ಕಿಯಂಥ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ಮರಳಿನ ತುಂಬ ಹರಡಿದವು. ಆದರೆ ಹಡಗಿನ ಮಾಲೀಕನ ಲೆಕ್ಕವನ್ನು ಅಲ್ಲಾಹನು ನಮ್ಮೊಡನೆ ಕೇಳುವುದಿಲ್ಲ, ಹಡಗಿನ ಪಾಪ ದೊಡ್ಡದೆಂದು ನಮ್ಮದನ್ನು ಬಿಟ್ಟುಬಿಡುವುದೂ ಇಲ್ಲ.

ಗಲ್ಫಿನಲ್ಲಿ ದುಡಿಯುವ ನಮ್ಮ ಸಹೋದರರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. 1991ರ ಯುದ್ಧದಲ್ಲಿ ಕುವೈತಿನ ತೈಲವನ್ನು ಸಮುದ್ರಕ್ಕೆ ಬಿಟ್ಟಾಗ ಸೌದಿಯ ನೂರಾರು ಕಿಲೋಮೀಟರು ದಡ ಕಪ್ಪಾಯಿತು. ಜುಬೈಲಿನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದ ಬಾಯಿಗೆ ತೈಲ ನುಗ್ಗದಂತೆ ನೀರಿನ ಮೇಲೆ ತೇಲುವ ಅಡ್ಡಗಟ್ಟುಗಳನ್ನು ಹಾಕಿ ಕಾಯಬೇಕಾಯಿತು. ಅಲ್ಲಿ ಕುಡಿಯುವ ನೀರೂ ವುಝೂವಿನ ನೀರೂ ಬರುವುದು ಕಡಲಿನಿಂದಲೇ. ಅಲ್ಲಿ ಇಷ್ಟು ಜತನದಿಂದ ನೀರು ಬಳಸಿ ಬಂದವರು ರಜೆಯಲ್ಲಿ ಊರಿಗೆ ಬಂದಾಗ ಪಣಂಬೂರಿನಲ್ಲೋ ಸೋಮೇಶ್ವರದಲ್ಲೋ ಬಿರಿಯಾನಿ ಪೊಟ್ಟಣವನ್ನು ಮರಳಿನಲ್ಲೇ ಬಿಟ್ಟು ಎದ್ದು ಹೋಗುವುದನ್ನು ನೋಡಿದರೆ ಏನು ಹೇಳಬೇಕೋ ತಿಳಿಯದು.

ನಮ್ಮದೇ ಮೂರು ಅಭ್ಯಾಸಗಳು

ಊರಿನ ಎಲ್ಲ ಸಮುದಾಯದವರೂ ಕಸ ಹಾಕುತ್ತಾರೆ. ಅವರವರ ಹಬ್ಬದ ಕಸದ ಬಗ್ಗೆ ಅವರವರ ಹಿರಿಯರು ಮಾತನಾಡಲಿ. ನಮ್ಮದರ ಬಗ್ಗೆ ನಾವು ಮಾತನಾಡೋಣ.

ಮೊದಲನೆಯದು ಮಕ್ಕಳ ಡೈಪರ್. ಈಗ ಇದು ಪ್ರತಿ ಮನೆಯಲ್ಲೂ ಇದೆ. ಅದನ್ನು ಸುಟ್ಟರೆ ಮಗುವಿನ ಮೈ ಉರಿಯುತ್ತದೆ, ಗುಳ್ಳೆ ಏಳುತ್ತದೆ ಎಂದು ಹೆದರಿ ಹೊಳೆಗೆ ಹಾಕಿಸುವವರಿದ್ದಾರೆ. ವಿಚಿತ್ರವೆಂದರೆ ದೂರದ ಜಾವಾದ ಬ್ರಂಟಾಸ್ ನದಿಯ ದಂಡೆಯ ಮುಸ್ಲಿಮ್ ಕುಟುಂಬಗಳಲ್ಲೂ ಇದೇ ನಂಬಿಕೆಯಿದ್ದು, ಆ ನದಿ ಡೈಪರುಗಳಿಂದ ತುಂಬಿದ್ದು ಸುದ್ದಿಯಾಗಿತ್ತು. ಎಸೆದ ಬಟ್ಟೆಗೂ ಮಗುವಿನ ಚರ್ಮಕ್ಕೂ ಅಂಥ ನಂಟು ಕಟ್ಟುವುದು ಪ್ರವಾದಿವರ್ಯರು(ಸ) ತಿರಸ್ಕರಿಸಿದ ಶಕುನದ ಜಾತಿಗೇ ಸೇರಿದ್ದು. ಹಾಗೆಂದು ಪ್ಲಾಸ್ಟಿಕ್ಕನ್ನು ಅಂಗಳದಲ್ಲಿ ಸುಡುವುದು ಸರಿ ಎಂದು ನಾನು ಹೇಳುತ್ತಿಲ್ಲ, ಅದರ ಹೊಗೆಯೂ ವಿಷವೇ. ಮಲವನ್ನು ಶೌಚಾಲಯಕ್ಕೆ ಹಾಕಿ, ಉಳಿದದ್ದನ್ನು ಕಾಗದದಲ್ಲಿ ಸುತ್ತಿ, ಪಂಚಾಯತಿನ ಅಥವಾ ನಗರಸಭೆಯ ಕಸದ ಗಾಡಿಗೆ ಬೇರೆಯಾಗಿ ಕೊಡಬೇಕು. ಮನೆಯೊಳಗಿರುವಾಗ ಹಳೆಯ ಹತ್ತಿಬಟ್ಟೆ ಸಾಕೆಂದು ಅಜ್ಜಿಯಂದಿರು ಹೇಳಿದರೆ ಕೇಳುವುದರಲ್ಲಿ ನಷ್ಟವಿಲ್ಲ. ಇದನ್ನು ತಾಯಂದಿರ ತಲೆಗೇ ಕಟ್ಟಬೇಡಿ. ಕತ್ತಲಾದ ಮೇಲೆ ಬೈಕಿನಲ್ಲಿ ಚೀಲ ತೂಗಿಸಿಕೊಂಡು ಸೇತುವೆಗೆ ಹೋಗುವವರು ಗಂಡಸರೇ. ಕತ್ತಲಾದ ಮೇಲೆಯೇ ಏಕೆ? ಮನಸ್ಸಿನಲ್ಲಿ ಕಸಿವಿಸಿ ಹುಟ್ಟಿಸುವಂಥದ್ದು, ಜನರು ತಿಳಿಯಬಾರದೆಂದು ನಾವು ಬಯಸುವಂಥದ್ದು, ಅದೇ ಪಾಪ ಎಂಬರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಇದಕ್ಕೆ ಬೇರೆ ಫತ್ವಾ ಬೇಕೇ?

ಎರಡನೆಯದು ಮದುವೆ. ಸಾವಿರ ಜನರ ಊಟವೆಂದರೆ ಸಾವಿರ ನೀರಿನ ಬಾಟಲಿ, ಎರಡು ಸಾವಿರ ಲೋಟ, ಮೇಜಿಗೆ ಹಾಸುವ ಹಾಳೆ. ಕರ್ನಾಟಕ ಸರಕಾರ 2016ರಲ್ಲೇ ಪ್ಲಾಸ್ಟಿಕ್ ಚೀಲ, ಲೋಟ, ತಟ್ಟೆಗಳನ್ನು ನಿಷೇಧಿಸಿತು. ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಬಂತು. ಆದರೂ ಹಾಲಿನ ಹಿಂಬದಿಯ ಗುಡ್ಡೆ ಕರಗಿಲ್ಲ. ಅದನ್ನು ಊಟದ ಗುತ್ತಿಗೆದಾರ ಎಲ್ಲಿಗೆ ಒಯ್ದನೆಂದು ವಧುವಿನ ತಂದೆ ಕೇಳುವುದಿಲ್ಲ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಬೆಟ್ಟ ಮಳೆಗೆ ಕುಸಿದು ಮಂದಾರದ ಮನೆ ತೋಟಗಳ ಮೇಲೆ ಹರಿದದ್ದನ್ನು ಕಂಡವರು, 'ಎಲ್ಲಿಗೋ ಹೋಗುತ್ತದೆ' ಎಂಬ ಮಾತನ್ನು ಮತ್ತೆ ಆಡಲಾರರು. ಸ್ಟೀಲ್ ಲೋಟ, ತೊಳೆಯುವ ತಟ್ಟೆ, ಅಲ್ಲಲ್ಲಿ ನೀರಿನ ಡ್ರಮ್ಮು ಇವು ನಮ್ಮ ತಂದೆಯರ ಕಾಲದ ಮದುವೆಗಳಲ್ಲಿ ಇದ್ದವೇ ಅಲ್ಲವೇ? ತೊಳೆಯುವವರಿಗೆ ಕೂಲಿ ಕೊಡಬೇಕಾಗುತ್ತದೆ, ಅಷ್ಟೆ. ಅಲಂಕಾರಕ್ಕೆ ಲಕ್ಷ ಸುರಿಯುವಲ್ಲಿ ಅದೊಂದು ದೊಡ್ಡ ಖರ್ಚಲ್ಲ.

ಮೂರನೆಯದನ್ನು ಬರೆಯಲು ಸ್ವಲ್ಪ ಸಂಕೋಚ, ಬರೆಯದಿರಲೂ ಆಗದು: ಕುರ್ಬಾನಿಯ ಹಾಗೂ ಕೋಳಿ ಅಂಗಡಿಗಳ ತ್ಯಾಜ್ಯ. ಇಬ್ರಾಹೀಮ್(ಅ)ರ ತ್ಯಾಗದ ನೆನಪಿನಲ್ಲಿ ಮಾಡುವ ಆರಾಧನೆಯ ಉಳಿಕೆ ಮರುದಿನ ತೋಡಿನಲ್ಲಿ ತೇಲಿ, ನೆರೆಯವನು ಮೂಗು ಮುಚ್ಚಿಕೊಂಡು ನಡೆಯುವಂತಾದರೆ, ಆ ನೆರೆಯವನಿಗೆ ಇಸ್ಲಾಮಿನ ಬಗ್ಗೆ ನಾವು ಕೊಟ್ಟ ಪಾಠ ಯಾವುದು? ಅವನು ಹಿಂದೂವಾಗಿರಲಿ, ಕ್ರೈಸ್ತನಾಗಿರಲಿ, ನೆರೆಯವನ ಹಕ್ಕು ಹಕ್ಕೇ. ನಿಂತ ನೀರಿಗೆ ಮೂತ್ರ ಮಾಡುವುದನ್ನೇ ಪ್ರವಾದಿವರ್ಯರು(ಸ) ತಡೆದಿರುವಾಗ ಕರುಳು, ರಕ್ತಗಳ ಮಾತೇನು?

ಮಿಸಾಲಿಯ ಮೀನುಗಾರರು

ಆಫ್ರಿಕಾದ ಪೂರ್ವಕ್ಕೆ ಝಂಜಿಬಾರಿನ ಪೆಂಬಾ ದ್ವೀಪವಿದೆ. ಅದರ ಪಕ್ಕದಲ್ಲಿ ಮಿಸಾಲಿ ಎಂಬ ಪುಟ್ಟ ದ್ವೀಪ. ಒಮ್ಮೆ ಖಿಳ್ರ್(ಅ) ಅಲ್ಲಿಗೆ ಬಂದರು, ನಮಾಝಿಗೆ ಚಾಪೆ ಕೇಳಿದರು, ಯಾರಲ್ಲೂ ಇರಲಿಲ್ಲ, ಆಗ ಕಿಬ್ಲಾದ ದಿಕ್ಕಿಗೆ ಚಾಚಿಕೊಂಡಿರುವ ಈ ದ್ವೀಪವೇ ನನ್ನ ಮುಸಲ್ಲಾ ಎಂದರು, ಅದರಿಂದಲೇ ಆ ಹೆಸರು ಬಂತು ಎಂಬುದು ಅಲ್ಲಿನವರ ಐತಿಹ್ಯ. ಐತಿಹ್ಯದ ಪ್ರಾಮಾಣಿಕತೆ ಇಲ್ಲಿ ಮುಖ್ಯವಲ್ಲ. ಸಾವಿರಾರು ಮೀನುಗಾರರಿಗೆ ಆ ದ್ವೀಪದ ಸುತ್ತಲಿನ ಹವಳದ ದಿಬ್ಬಗಳೇ ಅನ್ನ. ಬಹುತೇಕ ಎಲ್ಲರೂ ಮುಸ್ಲಿಮರು. ಆದರೂ ಅವರಲ್ಲಿ ಕೆಲವರು ಡೈನಮೈಟ್ ಸಿಡಿಸಿ ಮೀನು ಹಿಡಿಯುತ್ತಿದ್ದರು. ಒಂದು ಸಿಡಿತಕ್ಕೆ ದೊಡ್ಡ ಮೀನಿನ ಜೊತೆ ಮರಿಯೂ ಮೊಟ್ಟೆಯೂ ನಾಶ, ಹವಳವೂ ಪುಡಿ. ಸರಕಾರದ ನಿಷೇಧಕ್ಕೆ ಯಾರೂ ಸೊಪ್ಪು ಹಾಕಲಿಲ್ಲ.

1998ರಲ್ಲಿ ಆ ಪ್ರದೇಶವನ್ನು ಸಂರಕ್ಷಿತ ಕ್ಷೇತ್ರವಾಗಿ ಘೋಷಿಸಲಾಯಿತು. ಮರುವರ್ಷ ಇಂಗ್ಲೆಂಡಿನ ಇಸ್ಲಾಮೀ ಪರಿಸರ ಸಂಸ್ಥೆಯೊಂದರ ಸ್ಥಾಪಕ ಫಝ್ಲುನ್ ಖಾಲಿದ್ ಅಲ್ಲಿಗೆ ಹೋಗಿ ಶಿಬಿರ ನಡೆಸಿದರು. ಅವರು ಹೊಸ ಕಾನೂನು ಒಯ್ಯಲಿಲ್ಲ. ಸೃಷ್ಟಿಯ ಬಗ್ಗೆ, ಪ್ರಾತಿನಿಧ್ಯದ ಬಗ್ಗೆ, ಅಮಾನತ್ತಿನ ಬಗ್ಗೆ ಕುರ್‌ಆನ್ ಏನು ಹೇಳುತ್ತದೆಂದು ಮೀನುಗಾರರ, ಇಮಾಮರ, ಮದ್ರಸಾ ಶಿಕ್ಷಕರ ಮುಂದೆ ಓದಿ ಚರ್ಚಿಸಿದರು. ಸರಕಾರವನ್ನು ಕಡೆಗಣಿಸಿದ್ದ ಮೀನುಗಾರರು ಡೈನಮೈಟ್ ಕೆಳಗಿಟ್ಟರು. ಅಲ್ಲಾಹನ ನಿಯಮವನ್ನು ಮೀರಲಾರೆವು ಎಂಬುದು ಅವರ ಕಾರಣವಾಗಿತ್ತು. ಇಂಡೋನೇಷ್ಯಾದ ಉಲಮಾ ಮಂಡಳಿ 2014ರಲ್ಲಿ ಕಂಡಕಂಡಲ್ಲಿ ಕಸ ಎಸೆಯುವುದು ಹರಾಮ್ ಎಂದು ಫತ್ವಾ ಕೊಟ್ಟಿತು. ಫತ್ವಾ ಬಂದ ಮಾತ್ರಕ್ಕೆ ನದಿ ಶುಚಿಯಾಗದು ಎಂಬುದಕ್ಕೆ ಬ್ರಂಟಾಸೇ ಸಾಕ್ಷಿ. ಮಿಸಾಲಿಯಲ್ಲಿ ಕೆಲಸ ಮಾಡಿದ್ದು ಫತ್ವಾದ ಕಾಗದವಲ್ಲ, ಮೀನುಗಾರರ ಜೊತೆಗೆ ಕುಳಿತು ನಡೆಸಿದ ಪಾಠ.

ಹಡಗಿನ ಕೆಳಮಾಳಿಗೆಯವರ ದೃಷ್ಟಾಂತ ಬುಖಾರಿಯಲ್ಲಿದೆ. ನೀರಿಗಾಗಿ ಪದೇ ಪದೇ ಮೇಲೆ ಹೋಗಿ ಮೇಲಿನವರಿಗೆ ತೊಂದರೆ ಕೊಡುವುದೇಕೆಂದು ಅವರು ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯಲು ಹೊರಟರು. ಅವರ ಉದ್ದೇಶ ಕೆಟ್ಟದ್ದಿರಲಿಲ್ಲ ಎಂಬುದನ್ನು ಗಮನಿಸಿ. ಸೇತುವೆಯಿಂದ ಚೀಲ ಎಸೆಯುವವನ ಉದ್ದೇಶವೂ ಕೆಟ್ಟದ್ದಲ್ಲ, ಮನೆ ಶುಚಿಯಾಗಿರಲೆಂಬುದು ಅಷ್ಟೆ. ತಡೆಯುವ ಹೊಣೆಯನ್ನು ಹದೀಸ್ ಜೊತೆಯಲ್ಲಿರುವವರ ಮೇಲೆ ಹಾಕುತ್ತದೆ. ನಮ್ಮಲ್ಲಿ ಅದಕ್ಕೆ ವ್ಯವಸ್ಥೆ ಸಿದ್ಧವಾಗಿಯೇ ಇದೆ: ಜಮಾಅತ್ ಕಮಿಟಿ, ಜುಮುಅದ ಮಿಂಬರ್, ಮದ್ರಸಾ, ಊರಿನ ಯುವಕರ ಸಂಘ. ನಿಕಾಹಿನ ಪುಸ್ತಕದಲ್ಲಿ ಹೆಸರು ಬರೆಯಿಸಲು ಬರುವ ಮನೆಯವರೊಡನೆ ಊಟದ ಕಸ ಎಲ್ಲಿಗೆ ಹೋಗುತ್ತದೆಂದು ಕಾರ್ಯದರ್ಶಿ ಕೇಳಬಹುದು. ದೋಣಿಗೆ ಹೋಗುವವರು ಸಮುದ್ರದಲ್ಲಿ ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನೂ ಹರಿದ ನೈಲಾನ್ ಬಲೆಯನ್ನೂ ಮತ್ತೆ ನೀರಿಗೆ ಹಾಕದೆ ಗೋಣಿಯಲ್ಲಿ ದಕ್ಕೆಗೆ ತರಬಹುದು. ಬಿಟ್ಟ ಬಲೆ ಸುಮ್ಮನಿರದು, ಯಾರಿಗೂ ಬೇಡದ ಮೀನನ್ನೂ ಕಡಲಾಮೆಯನ್ನೂ ಹಿಡಿದು ಕೊಲ್ಲುತ್ತಲೇ ಇರುತ್ತದೆ.

ಬಕ್ರೀದಿನ ವಿಷಯದಲ್ಲಿ ಒಂದು ಮಾತು. ಈ ವರ್ಷಗಳಲ್ಲಿ ಹಬ್ಬ ಮಳೆಗಾಲದ ಹೊಸ್ತಿಲಲ್ಲಿ, ಮೇ-ಜೂನ್ ತಿಂಗಳಲ್ಲಿ ಬರುತ್ತಿದೆ. ಒಂದು ಮಳೆ ಬಿದ್ದ ಮೇಲೆ ತಗ್ಗಿನಲ್ಲಿ ಗುಂಡಿ ತೋಡಿದರೆ ಅದರೊಳಗೆ ನೀರೇ ನಿಲ್ಲುತ್ತದೆ. ಆದ್ದರಿಂದ ಕಮಿಟಿಯವರು ಹಬ್ಬಕ್ಕೆ ಎರಡು ವಾರ ಮೊದಲೇ, ಬಾವಿ ತೋಡುಗಳಿಂದ ದೂರದ ಎತ್ತರದ ಜಾಗ ನೋಡಿ, ತೆಂಗಿನ ತೋಟದ ಮಾಲೀಕರೊಬ್ಬರ ಒಪ್ಪಿಗೆ ಪಡೆದು ಆಳವಾದ ಗುಂಡಿ ತೆಗೆಸಿಡಲಿ. ತ್ಯಾಜ್ಯ ಹಾಕಿದ ಕೂಡಲೇ ನಾಯಿ ಬಗೆಯದಷ್ಟು ಮಣ್ಣು ಮುಚ್ಚಲಿ. ತೆಂಗಿಗೆ ಅದು ಒಳ್ಳೆಯ ಗೊಬ್ಬರ. ಗುಂಡಿ ತೆಗೆಯಲು ಜಾಗವಿಲ್ಲದ ಪೇಟೆಯ ಮಹಲ್ಲಾದವರು ನಗರಸಭೆಗೆ ಮುಂಚಿತವಾಗಿ ಪತ್ರ ಬರೆದು ಗಾಡಿ ಗೊತ್ತುಮಾಡಿಕೊಳ್ಳಲಿ. ಗಾಡಿ ಬರುವ ಗಂಟೆಯನ್ನು ಈದ್ ನಮಾಝಿನ ಬಳಿಕ ಖತೀಬರು ಮೈಕಿನಲ್ಲಿ ತಿಳಿಸಲಿ.